ಮೂರನೇ ಕೈ

ನಾಲಗೆಯ ಕೆಳಗೆ ಮತ್ತೆ ನೀರು ತುಂಬುತ್ತಿದೆ, ಇನ್ನೊಂದು ಕ್ಷಣ ಬಿಟ್ಟರೆ ಮುದುಕರು ಕೆಮ್ಮುತ್ತಾರೆ, ಕೆಮ್ಮಿದರೆ ಡ್ರಿಲ್ಲು ಜಾರುತ್ತದೆ, ಅವಳು ನೀರು ಹೀರುವ ನಳಿಕೆಯ ತುದಿಯನ್ನು ಕೆನ್ನೆಯ ಒಳಮಗ್ಗುಲಿಗೆ ಸರಿಸಿದಳು, ಗೊರಗೊರ ಎಂದು ಎಲ್ಲ ಹೊರಟುಹೋಯಿತು, ಡಾಕ್ಟ್ರು ತಲೆ ಎತ್ತದೆಯೇ ಹ್ಞೂಂ ಎಂದರು. ಹನ್ನೊಂದು ವರ್ಷದಲ್ಲಿ ಇದನ್ನು ಅವರು ಒಂದು ಸಲವೂ ಕೇಳಿ ಮಾಡಿಸಿಕೊಂಡಿಲ್ಲ, ಕನ್ನಡಿ ಬೇಕಾದಾಗ ಕನ್ನಡಿ, ಹತ್ತಿ ಬೇಕಾದಾಗ ಹತ್ತಿ, ಅಂಗೈ ಚಾಚಿದರೆ ಸಾಕು — ಇವಳು ನನ್ನ ಮೂರನೇ ಕೈ ಕಣ್ರೀ, ಎಂದು ಬಂದ ರೋಗಿಗಳಿಗೆಲ್ಲ ಹೇಳಿಕೊಂಡು ನಗುತ್ತಾರೆ, ಮೊದಮೊದಲು ಅದನ್ನು ಕೇಳಿ ಅವಳು ಹಿಗ್ಗಿ ಹೀರೇಕಾಯಿಯಾಗುತ್ತಿದ್ದಳು, ಕಸ ಗುಡಿಸಲು ಬಂದವಳಿಗೆ ಅದೇನು ಸಣ್ಣ ಮಾತೇ, ಆಮೇಲಾಮೇಲೆ ಒಂದು ದಿನ ಪಾತ್ರೆ ತೊಳೆಯುತ್ತಿದ್ದಾಗ ಹೊಳೆಯಿತು, ಕೈಗೆ ಬಾಯಿ ಎಲ್ಲಿರುತ್ತದೆ. ಗೋಡೆಯ ಗಡಿಯಾರದಲ್ಲಿ ಮೂರು ಹತ್ತು. ನಾಲ್ಕಕ್ಕೆ ಕಾರ್ಡಿನಮ್ಮ, ಹಲ್ಲು ಕಳೆದುಕೊಂಡವರು, ಬರುತ್ತಾರೆ, ಅಷ್ಟರೊಳಗೆ ಹಾಳೆಗೆ ಸಹಿ ಬೀಳಬೇಕು, ಹಾಳೆ ಕೌಂಟರಿನ ಡ್ರಾಯರಿನಲ್ಲಿದೆ, ಬೆಳಿಗ್ಗೆಯೇ ಟೈಪಾಗಿದೆ, ನಾಲ್ಕೇ ಸಾಲು — ಎಕ್ಸರೇ ಫಿಲ್ಮನ್ನು ಹಿಂದುಮುಂದಾಗಿ ಸಿಕ್ಕಿಸಿದ್ದು ನಾನು, ಅದರಿಂದಾಗಿ ಎಡಗಡೆಯ ಕೆಟ್ಟ ಹಲ್ಲಿನ ಬದಲು ಬಲಗಡೆಯ ಒಳ್ಳೆಯ ಹಲ್ಲು ಕೀಳಲ್ಪಟ್ಟಿತು, ಇದಕ್ಕೆ ನನ್ನ ಅಜಾಗರೂಕತೆಯೇ ಕಾರಣ, ಕ್ಷಮೆ ಇರಲಿ. ಕೀಳಲ್ಪಟ್ಟಿತಂತೆ. ಯಾರು ಕಿತ್ತರು ಎಂಬುದಿಲ್ಲ, ಹಲ್ಲು ಬೇಜಾರಾಗಿ ತಾನೇ ಎದ್ದು ಹೋದ ಹಾಗೆ. ಸಹಿ ಹಾಕಿದರೆ ಈ ಊರಿನಲ್ಲಿ ಇನ್ನು ಯಾವ ಹಲ್ಲಿನ ಡಾಕ್ಟರೂ ಅವಳನ್ನು ಬಾಗಿಲೊಳಗೆ ಬಿಟ್ಟುಕೊಳ್ಳುವುದಿಲ್ಲ. ಹಾಕದಿದ್ದರೆ ನಡೆದದ್ದನ್ನು ಹೇಳಬೇಕಾಗುತ್ತದೆ, ಪೂರ್ತಿ ಹೇಳಬೇಕಾಗುತ್ತದೆ, ಅದು ಸಹಿಗಿಂತ ಕೆಟ್ಟದ್ದು.

ಮುದುಕರ ಕಣ್ಣು ಅವಳ ಕಣ್ಣನ್ನೇ ಹಿಡಿದುಕೊಂಡಿದೆ. ಎಲ್ಲರೂ ಹೀಗೆಯೇ, ಕುರ್ಚಿ ಹಿಂದಕ್ಕೆ ಮಲಗಿ ದೀಪ ಮುಖಕ್ಕೆ ಬಿದ್ದಮೇಲೆ ಸಾಹುಕಾರನೂ ಒಂದೇ ಸಾಮಾನು ಹೊರುವವನೂ ಒಂದೇ, ಬಾಯಿ ತೆರೆದ ತಕ್ಷಣ ಮಾತು ಬಂದ್, ಡಾಕ್ಟರ ಕಣ್ಣು ಹಲ್ಲಿನ ಮೇಲಿರುತ್ತದೆ, ಪಾಪ ಎಲ್ಲಿ ನೋಡಬೇಕು, ಪಕ್ಕದಲ್ಲಿ ನಿಂತವಳನ್ನು ನೋಡುತ್ತಾರೆ. ಆಯ್ತು ಆಯ್ತು, ಇನ್ನೊಂಚೂರು — ಇದೊಂದೇ ಅವಳು ದಿನವಿಡೀ ಆಡುವ ಮಾತು, ಅದೂ ಎಷ್ಟೋ ಸಲ ಸುಳ್ಳು. ಬೀದಿಯಲ್ಲಿ ಯಾರಾದರೂ ಮಾತಾಡಿಸಿದರೆ ಗುರುತು ಸಿಗುವುದಿಲ್ಲ, ನಕ್ಕರೆ ಸಿಗುತ್ತದೆ, ಓಹೋ ಇದು ಮೇಲಿನ ಸಾಲಿನ ಮೂರನೆಯದಕ್ಕೆ ಬೆಳ್ಳಿ ತುಂಬಿಸಿಕೊಂಡ ಬಾಯಿ, ಇದು ಅರವಳಿಕೆ ಸೂಜಿ ಕಂಡು ಚೀರಿದ ಬಾಯಿ, ಮನೆಯವನು ಹೇಳುತ್ತಾನೆ, ನಿನ್ಜೊತೆ ಪೇಟೆಗೆ ಬಂದ್ರೆ ಜನ ಎಲ್ಲ ಬಾಯಿ ಮುಚ್ಕೊಂಡು ಓಡ್ತಾರೆ ನೋಡು. ಅವನ ಹಾಸ್ಯವೇ ಹಾಗೆ, ಮೀಟರ್ ಓದುವವನ ಹಾಸ್ಯ, ಮನೆಮನೆಯ ಗೇಟಿನಲ್ಲಿ ನಿಂತು ಹೇಳಿ ಹೇಳಿ ಸವೆದದ್ದು. ಡ್ರಿಲ್ಲು ನಿಂತಿತು, ಡಾಕ್ಟ್ರು ಕತ್ತು ಹೊರಳಿಸಿದರು, ಲಟಕ್ ಎಂದಿತು, ಅರವತ್ತೇಳು ವರ್ಷದ ಕತ್ತು, ಬೆರಳು ಈಗ ಸ್ವಲ್ಪ ನಡುಗುತ್ತದೆ, ಅವಳಿಗೆ ಮಾತ್ರ ಗೊತ್ತು, ನಡುಗುವ ಕಡೆಗೆ ಅವಳು ಕನ್ನಡಿಯನ್ನು ಒಂದು ನೂಲಿನಷ್ಟು ಒತ್ತಿ ಹಿಡಿಯುತ್ತಾಳೆ, ಅವರ ಕೈ ಅದಕ್ಕೆ ಆತುಕೊಂಡು ನಿಲ್ಲುತ್ತದೆ, ಇದರ ಬಗ್ಗೆಯೂ ಇಬ್ಬರ ನಡುವೆ ಮಾತಿಲ್ಲ. ಕೆಟ್ಟವರೇನಲ್ಲ. ಅದೇ ತಾನೇ ಕಷ್ಟ. ಅಪ್ಪ ಹಾಸಿಗೆ ಹಿಡಿದ ಕೊನೆಯ ತಿಂಗಳು ದವಡೆ ಬಾತು ನೀರೂ ಇಳಿಯದೆ ಒದ್ದಾಡುತ್ತಿದ್ದಾಗ ಭಾನುವಾರ ತಾವೇ ಚೀಲ ಹಿಡಿದು ಮೂರು ಮಹಡಿ ಹತ್ತಿ ಬಂದರು, ಮಂಚದ ಪಕ್ಕ ಮಂಡಿಯೂರಿ ಕುಳಿತು ಕೀವು ತೆಗೆದರು, ಅಪ್ಪ ಅವರ ಕೈಯನ್ನು ಕಣ್ಣಿಗೊತ್ತಿಕೊಂಡರು. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಅಂತ ಅಪ್ಪನದೇ ಮಾತು, ಅಪ್ಪ ಹೋದರು, ಮಾತು ಉಳಿದು ಅವಳ ಕುತ್ತಿಗೆಗೆ ಸುತ್ತಿಕೊಂಡಿದೆ.

ಫಿಲ್ಮು ಹಿಡಿಯುವುದನ್ನು ಕಲಿಸಿದವರೂ ಅವರೇ. ಹೆಬ್ಬೆರಳಗಲದ ಕಪ್ಪು ಚೂರು, ಮೂಲೆಯಲ್ಲೊಂದು ಚುಕ್ಕೆ, ಒಂದು ಕಡೆಯಿಂದ ಮುಟ್ಟಿದರೆ ಉಬ್ಬು, ಇನ್ನೊಂದು ಕಡೆಯಿಂದ ಮುಟ್ಟಿದರೆ ತಗ್ಗು, ಉಬ್ಬು ನಮ್ಮ ಕಡೆಗಿದ್ದರೆ ಎಡ ಎಡವೇ, ಬಲ ಬಲವೇ, ತಗ್ಗು ಬಂತೋ ಎಡದ ಹಲ್ಲೆಲ್ಲ ಬಲಕ್ಕೆ ಹೋಗಿ ಕೂರುತ್ತದೆ — ಕಣ್ಣು ನಂಬಬೇಡ, ಬೆರಳು ನಂಬು, ಎಂದಿದ್ದರು. ಹಲ್ಲಿಗೇನು, ಎರಡು ಕಡೆಯೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಬೆಳೆದಿರುತ್ತದೆ. ಹನ್ನೊಂದು ವರ್ಷ ಅವಳ ತೋರುಬೆರಳು ಆ ಚುಕ್ಕೆಯನ್ನು ಮುಟ್ಟದೆ ಒಂದು ಫಿಲ್ಮನ್ನೂ ದೀಪದ ಪೆಟ್ಟಿಗೆಗೆ ಸಿಕ್ಕಿಸಿಲ್ಲ, ಮನೆಯಲ್ಲಿ ಅಂಗಿಯ ಗುಂಡಿ, ಮೊರದಲ್ಲಿನ ಅಕ್ಕಿಕಾಳು ಏನು ಕಂಡರೂ ಬೆರಳು ಹೋಗಿ ಉಬ್ಬೋ ತಗ್ಗೋ ನೋಡಿ ಬರುತ್ತದೆ, ಅಂಥವಳು ಹಿಂದುಮುಂದು ಹಾಕಿದಳಂತೆ, ಟೈಪು ಮಾಡಿದ ಕೌಂಟರಿನವಳಿಗೂ ಗೊತ್ತು ಅದು ಸುಳ್ಳೆಂದು, ಬೆಳಿಗ್ಗೆಯಿಂದ ಮುಖ ಕೊಟ್ಟು ಮಾತಾಡಿಲ್ಲ ಪುಣ್ಯಾತ್ಗಿತ್ತಿ.

ಆ ಕೌಂಟರಿನವಳಿಂದಲೇ ಶುರುವಾದದ್ದು ಎಲ್ಲ. ಕಾರ್ಡಿನಮ್ಮ ಮೊದಲ ಸಲ ಬಂದದ್ದು ಹಲ್ಲು ತೊಳೆಸಲಿಕ್ಕೆ, ನೋವಿಲ್ಲ ಏನಿಲ್ಲ, ಐವತ್ತೈದರ ಗುಂಡಗಿನ ಹೆಂಗಸು, ನಕ್ಕರೆ ಕೊಠಡಿಯೆಲ್ಲ ಕೇಳಬೇಕು, ಡಾಕ್ಟ್ರು ಯಾತಕ್ಕೂ ಇರಲಿ ಎಂದು ಕೆಳದವಡೆಯ ಎಡಗಡೆಗೆ ಒಂದು ಫಿಲ್ಮು ತೆಗೆಸಿದರು, ಅದು ಒಣಗುವವರೆಗೆ ಹೊರಗಡೆ ಕೂತಿದ್ದಾಗ ಕೈಚೀಲದಿಂದ ಕಾರ್ಡಿನ ಕಟ್ಟು ಬಂತು, ಟ್ಯಾರೋ ಅಂತೆ, ಎಪ್ಪತ್ತೆಂಟು ಚಿತ್ರ, ಜನ ಮನೆಗೆ ಬಂದು ಭವಿಷ್ಯ ಕೇಳಿಕೊಂಡು ಹೋಗುತ್ತಾರಂತೆ. ಕೌಂಟರಿನವಳಿಗೆ ಇಂಥದ್ದು ಕಂಡರೆ ಹಸಿದವನಿಗೆ ಅನ್ನ ಕಂಡ ಹಾಗೆ, ಅವಳ ಫೋನಿನ ತುಂಬ ಅದೇ, ನಿಮ್ಮನ್ನು ನೀವು ಪ್ರೀತಿಸಿ, ನಿಮಗಾಗಿ ದಿನಕ್ಕೆ ಹತ್ತು ನಿಮಿಷ, ಅವಳು ತನ್ನದು ಕೇಳಿಸಿಕೊಂಡು ಸಾಲದ್ದಕ್ಕೆ ಒಳಗೆ ಟ್ರೇ ಜೋಡಿಸುತ್ತಿದ್ದವಳನ್ನೂ ಎಳೆದು ತಂದಳು, ಬಾರೇ, ಒಂದು ಎಳಿ, ಕೈ ಸವೆಯಲ್ಲ. ಕೈಗವಸು ಬಿಚ್ಚಿ ಎಳೆದಳು. ಬಿಳಿ ಬಟ್ಟೆಯ ಹೆಂಗಸು, ತಲೆಯಲ್ಲಿ ಹೂವಿನ ದಂಡೆ, ತಲೆಯ ಮೇಲೆ ಮಲಗಿಸಿದ ಎಂಟರ ಅಂಕಿಯಂಥದ್ದೊಂದು ಗುರುತು, ಮುಂದೆ ಕೆಂಪಗಿನ ಸಿಂಹ, ಹೆಂಗಸಿನ ಎರಡೂ ಕೈ ಸಿಂಹದ ದವಡೆಯ ಮೇಲೆ. ಮುಖದಲ್ಲಿ ಸಿಟ್ಟಿಲ್ಲ, ಹೆದರಿಕೆಯಿಲ್ಲ, ಮಗುವಿನ ಬಾಯಿ ಒರೆಸುವ ಹಾಗೆ ಬಗ್ಗಿದ್ದಾಳೆ. ಅಯ್ಯೋ ಇದು ನಿಂದೇ ಫೋಟೋ ಕಣೇ, ಎಂದು ಕೌಂಟರಿನವಳು ಬಿದ್ದು ಬಿದ್ದು ನಕ್ಕಳು, ಸಿಂಹದ ಹಲ್ಲು ಕೀಳ್ತಿದೀಯ. ಅವಳೂ ನಕ್ಕಳು. ಆದರೆ ಕಣ್ಣು ಕೈಯ ಮೇಲೆಯೇ ನಿಂತಿತು, ಒಂದು ಗಲ್ಲದ ಕೆಳಗೆ, ಒಂದು ಮೂತಿಯ ಮೇಲೆ, ಇದು ತಿಳಿದವಳು ಹಿಡಿದ ಹಿಡಿತ, ಹೀಗೆ ಹಿಡಿದರೆ ತೆರೆಯಲೂ ಬರುತ್ತದೆ ಮುಚ್ಚಲೂ ಬರುತ್ತದೆ, ತೆಗೀತಿದಾಳೋ ಮುಚ್ತಿದಾಳೋ ಎಂದು ಕೇಳಿದಳು. ಕಾರ್ಡಿನಮ್ಮ ಅವಳ ಒದ್ದೆ ಅಂಗೈಯನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡರು — ಮುಚ್ತಿದಾಳಮ್ಮ, ಇದು ಶಕ್ತಿಯ ಕಾರ್ಡು, ತೋಳಿನ ಶಕ್ತಿ ಅಲ್ಲ, ಒಳಗಿಂದು, ಸಿಂಹ ಎಲ್ಲೋ ಕಾಡಲ್ಲಿಲ್ಲ, ನಿನ್ನೊಳಗೇ ಕೂತಿದೆ, ಗುರ್ ಅಂದಾಗೆಲ್ಲ ಹೊಡೀಬೇಡ, ಬೈಬೇಡ, ಮೆತ್ತಗೆ ಅದರ ಬಾಯಿ ಮುಚ್ಚು, ಉಸಿರು ಬಿಡು, ಅಷ್ಟು ಮಾಡ್ಕೊಂಡ್ರೆ ನಿನ್ನನ್ನ ನೀನು ನೋಡ್ಕೊಂಡ ಹಾಗೆ, ಎಷ್ಟು ವರ್ಷ ಆಯ್ತು ನಿನ್ನನ್ನ ಯಾರಾದ್ರೂ ನೋಡ್ಕೊಂಡು. ಛೆ, ಅಷ್ಟಕ್ಕೇ ಕಣ್ಣು ತುಂಬಿತು. ನಾಚಿಕೆಗೆಟ್ಟ ಕಣ್ಣು. ಇಟ್ಕೋ ಇದನ್ನ, ನನ್ನತ್ರ ಇನ್ನೊಂದು ಕಟ್ಟಿದೆ, ಎಂದು ಕಾರ್ಡನ್ನು ಅವಳ ಜೇಬಿಗೇ ಹಾಕಿದರು.

ಇಟ್ಟುಕೊಂಡಳು. ಸಲಕರಣೆ ಬೇಯಿಸುವ ಬೀರುವಿನ ಬಾಗಿಲಿನ ಒಳಮೈಗೆ ಅಂಟಿಸಿದಳು, ಬಾಗಿಲು ತೆಗೆದರೆ ಬಿಸಿ ಹಬೆ, ಹಬೆಯ ಹಿಂದೆ ಸಿಂಹ. ಹತ್ತು ದಿನ, ಬರೀ ಹತ್ತು ದಿನ, ಅವಳು ತನ್ನನ್ನು ತಾನು ನೋಡಿಕೊಂಡಳು, ಸಂಜೆ ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟು ಕೂತಳು, ಏನೇ ಇದು ಕಾಲನ್ನೂ ಬೇಯಿಸೋಕೆ ಶುರು ಮಾಡಿದ್ಯಾ, ಎಂದ ಮನೆಯವನು, ಒಳಗೆ ಸಿಂಹ ಗುರ್ ಎಂದಿತು, ಅವಳು ಮೆತ್ತಗೆ ಅದರ ಬಾಯಿ ಮುಚ್ಚಿದಳು, ಉಸಿರು ಬಿಟ್ಟಳು, ನೋಡಿದರೆ ನಿಜವಾಗಿಯೂ ಏನೂ ಆಗಿರಲಿಲ್ಲ, ಅವನು ಪೇಪರು ಓದುತ್ತಿದ್ದ, ನೀರು ಬೆಚ್ಚಗಿತ್ತು. ಇಷ್ಟು ಸುಲಭವಾ ಇದು ಅನ್ನಿಸಿತು. ಬಸ್ಸಿನಲ್ಲಿ ತಳ್ಳಿದವಳಿಗೆ, ಮಹಡಿಯ ಮೇಲಿನಿಂದ ಕೊಳಕು ನೀರು ಚೆಲ್ಲುವವರಿಗೆ, ಅವಳು ಕಟ್ಟಿಟ್ಟ ಕತ್ತರಿಯನ್ನು ಎಲ್ಲಿಟ್ಟೆ ಎಲ್ಲಿಟ್ಟೆ ಎಂದು ಎದುರಿಗೇ ಇಟ್ಟುಕೊಂಡು ಹುಡುಕುವ ಡಾಕ್ಟರಿಗೆ, ಎಲ್ಲರಿಗೂ ಅದೇ ಮದ್ದು, ಬಾಯಿ ಮುಚ್ಚು, ಉಸಿರು ಬಿಡು. ಅಮ್ಮ ಇದನ್ನೇ ತಲೆಯ ಮೇಲೆ ಮೊಟಕಿ ಮೊಟಕಿ ಹೇಳುತ್ತಿದ್ದಳು, ಬಾಯಿ ಬಿಟ್ಟರೆ ಬಣ್ಣಗೇಡು ಕಣೇ, ಹೆಣ್ಣುಮಗಳು ಹಲ್ಲುಕಚ್ಚಿಕೊಂಡು ಇರೋದು ಕಲೀಬೇಕು, ಆಗ ಅದು ಕಹಿಯಾಗಿತ್ತು, ಈಗ ಅದೇ ಮಾತು ಹೂವಿನ ದಂಡೆ ಮುಡಿದುಕೊಂಡು ಕಾರ್ಡಿನಲ್ಲಿ ಬಂದಾಗ ಸಿಹಿಯಾಯಿತು — ಹಳೇ ಮದ್ದು ಹೊಸ ಬಾಟಲಿ, ನಾನೇ ದುಡ್ಡಿಲ್ಲದೆ ಕೊಂಡು ಕುಡಿದೆ, ಎಂದು ಅವಳು ಈಗ ಹಲ್ಲು ಮಸೆಯುತ್ತಾಳೆ. ಆಗ ಮಾತ್ರ ಎತ್ತರವಾದ ಹಾಗಿತ್ತು. ಕನ್ನಡಿಯಲ್ಲಿ ನೋಡಿಕೊಂಡು, ಪರವಾಗಿಲ್ವೇ ನೀನು, ಎಂದುಕೊಂಡಿದ್ದಳು.

ಉಗುಳಿ, ಎಂದರು ಡಾಕ್ಟ್ರು, ಮುದುಕರು ಎದ್ದು ಬೋಗುಣಿಗೆ ಉಗುಳಿದರು, ಗುಲಾಬಿ ಬಣ್ಣದ ನೀರು ಸುತ್ತಿ ಸುತ್ತಿ ಇಳಿಯಿತು. ಅವತ್ತು ಕೆಂಪಾಗಿತ್ತು. ಕೆಂಪೆಂದರೆ ಕೆಂಪು, ಗಟ್ಟಿ ಹಲ್ಲು ಹಾಗೆ ಬಿಟ್ಟುಕೊಡುತ್ತದೆಯೇ. ಹನ್ನೊಂದನೆಯ ದಿನ ಅದು, ಕಾರ್ಡಿನಮ್ಮ ಎರಡನೇ ಸಲ ಬಂದಿದ್ದರು, ಫಿಲ್ಮಿನಲ್ಲಿ ಎಡಗಡೆಯ ಕೊನೆಯಿಂದ ಎರಡನೇ ಹಲ್ಲಿನ ಬೇರು ಸೀಳಿ ಕೆಳಗೆ ಕಪ್ಪು ನೆರಳು ಕಾಣುತ್ತಿತ್ತು, ಮೇಲಿನಿಂದ ನೋಡಿದರೆ ಮುತ್ತಿನಂಥ ಹಲ್ಲು, ನೋವೂ ಇಲ್ಲ, ಆದ್ದರಿಂದ ಯಾವ ಕಡೆ ಎಂದು ಕೇಳಿದರೆ ಹೇಳಲಿಕ್ಕೆ ಅವರಿಗೇನು ಗೊತ್ತು, ಡಾಕ್ಟರಿದ್ದಾರಲ್ಲ. ಅವಳು ಚುಕ್ಕೆ ಮುಟ್ಟಿ, ಉಬ್ಬು ನೋಡಿ, ಫಿಲ್ಮು ಸಿಕ್ಕಿಸಿದ್ದಳು. ಡಾಕ್ಟ್ರು ಅದನ್ನು ತೆಗೆದು ಕಾರ್ಡಿನಮ್ಮನ ಕಣ್ಣ ಮುಂದೆ ಹಿಡಿದರು, ನೋಡಿ, ಇಲ್ಲಿ ಕಪ್ಪಗಿದೆಯಲ್ಲ, ಅಷ್ಟರಲ್ಲಿ ಫೋನು, ಮಗಳದ್ದು, ವರ್ಷದ ಕೊನೆಗೆ ಕ್ಲಿನಿಕ್ಕು ಅವಳ ಕೈಗೆ ಹೋಗುತ್ತದೆ, ಹೊಸ ಕುರ್ಚಿ ನೀಲಿಯದು ತರಿಸಲೋ ಬೂದಿಯದು ತರಿಸಲೋ ಅಂತ, ನೀಲಿ ಬೇಡಮ್ಮ ಕೊಳೆ ಕಾಣುತ್ತೆ, ಎನ್ನುತ್ತ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು ಎಡಗೈಯಲ್ಲಿ ಫಿಲ್ಮನ್ನು ವಾಪಸು ಸಿಕ್ಕಿಸಿದರು, ಅದನ್ನೇ ನೋಡಿ ಚೀಟಿಯಲ್ಲಿ ಬಲ ಎಂದು ಬರೆದರು. ಟ್ರೇ ಹಿಡಿದು ಹಾದುಹೋಗುವಾಗ ಅವಳ ಬೆರಳು ಸುಮ್ಮನಿರಲಾರದೆ ಚುಕ್ಕೆಯನ್ನು ಮುಟ್ಟಿತು. ತಗ್ಗು. ಅವರು ಸೂಜಿಗೆ ಔಷಧಿ ಎಳೆದುಕೊಳ್ಳುತ್ತಿದ್ದರು. ಡಾಕ್ಟ್ರೇ, ಫಿಲ್ಮು ಒಂದ್ಸಲ — ಎಂದಳು, ಅಷ್ಟೇ ಎಂದಳು, ಅವರು ಫೋನಿನ ಕಡೆಯಿಂದ ತಿರುಗಿ, ಮೂರನೇ ಕೈ ಕೆಲಸ ಮಾಡ್ಲಿ, ಮಾತು ಬೇಡ, ಎಂದರು, ನಗುತ್ತಲೇ ಎಂದರು, ಕಾರ್ಡಿನಮ್ಮನಿಗೆ ಕಣ್ಣು ಮಿಟುಕಿಸಿ.

ಸಿಂಹ ಎದ್ದಿತು. ಎಂಥ ಸಿಂಹ ಅದು, ಹನ್ನೊಂದು ವರ್ಷದ್ದು, ಗಂಟಲವರೆಗೆ ಬಂತು. ಅವಳು ಏನು ಮಾಡಿದಳು, ಹತ್ತು ದಿನ ಕಲಿತದ್ದನ್ನು ಮಾಡಿದಳು, ಎರಡು ಕೈಯಲ್ಲಿ ಮೆತ್ತಗೆ ಅದರ ದವಡೆ ಹಿಡಿದು ಮುಚ್ಚಿದಳು, ಉಸಿರು ಬಿಟ್ಟಳು, ಆಹಾ ಎಷ್ಟು ಚೆನ್ನಾಗಿ ಮುಚ್ಚಿತು, ಇಷ್ಟು ಚೆನ್ನಾಗಿ ಎಂದೂ ಮುಚ್ಚಿರಲಿಲ್ಲ, ಮನಸ್ಸು ಕೊಳದ ನೀರಿನ ಹಾಗೆ ನಿಂತಿತು, ಆ ನಿಂತ ನೀರಿನೊಳಗಿನಿಂದ ಅವಳು ಸೂಜಿ ಬಲಗಡೆಗೆ ಇಳಿಯುವುದನ್ನು ನೋಡಿದಳು. ಅವರು ಒಂದು ಸಲ ನೋಡಿರುತ್ತಾರೆ ಬಿಡು ಎಂದುಕೊಂಡಳೇ. ಎಂದುಕೊಂಡಳು. ಹಾಳಾಗಿ ಹೋಗಲಿ ನನಗೇನು ಎಂದುಕೊಂಡಳೇ. ಅದನ್ನೂ ಎಂದುಕೊಂಡಿರಬೇಕು, ಈ ಹದಿನೈದು ದಿನ ಪಾತ್ರೆ ತಿಕ್ಕುವಾಗ, ಬಸ್ಸಿನಲ್ಲಿ ನಿಂತಾಗ, ಮನೆಯವನು ಪಕ್ಕದಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುವಾಗ ಅದನ್ನೇ ಕೆದಕಿ ಕೆದಕಿ ನೋಡಿದ್ದಾಳೆ, ಮುಚ್ಚಿದ ಬಾಯೊಳಗೆ ಸಿಂಹ ಸುಮ್ಮನಿತ್ತೋ, ತಪ್ಪು ಮಾಡು ಮಾಡು ಎಂದು ನಗುತ್ತಿತ್ತೋ. ಶಾಂತಿ ಅಂದರೆ ಇಷ್ಟೇ ಇರಬಹುದು, ಯಾರೋ ಬೀಳುವುದನ್ನು ಉಸಿರು ಬಿಡುತ್ತ ನೋಡುವುದು. ಕೆಳದವಡೆಯ ಹಲ್ಲು ಕೀಳುವಾಗ ದವಡೆ ಜಾರದಂತೆ ಒಬ್ಬರು ಹಿಡಿದುಕೊಳ್ಳಬೇಕು, ಅದು ಅವಳ ಕೆಲಸ, ಒಂದು ಕೈ ಗಲ್ಲದ ಕೆಳಗೆ, ಒಂದು ಕೈ ಹಣೆಯ ಮೇಲೆ, ನಲವತ್ತು ನಿಮಿಷ ಹಿಡಿದಳು, ಒಳ್ಳೆಯ ಹಲ್ಲು ಬೇರು ಬಿಟ್ಟು ಏಳಲೊಲ್ಲದು, ಡಾಕ್ಟರ ಹಣೆಯಲ್ಲಿ ಬೆವರು, ಎಂಥಾ ಗಟ್ಟಿ ಹಲ್ರೀ ನಿಮ್ದು, ಅವಳ ಮಣಿಕಟ್ಟು ಸೋತುಹೋಯಿತು ಆದರೂ ಬಿಡಲಿಲ್ಲ, ಕಾರ್ಡಿನಮ್ಮ ಮಲಗಿದಲ್ಲಿಂದ ಅವಳ ಕಣ್ಣನ್ನೇ ನೋಡುತ್ತಿದ್ದರು, ಕಣ್ಣಂಚಿನಿಂದ ನೀರು ಕಿವಿಗೆ ಇಳಿಯುತ್ತಿತ್ತು, ಅವಳು ಮೆತ್ತಗೆ ಹೇಳಿದಳು, ಆಯ್ತು ಆಯ್ತು, ಇನ್ನೊಂಚೂರು.

ಹಲ್ಲು ಬಂತು. ಎರಡು ಬೇರು, ಹಾಲಿನಷ್ಟು ಬಿಳಿ, ಸೀಳಿಲ್ಲ, ಕಲೆಯಿಲ್ಲ. ಡಾಕ್ಟ್ರು ಅದನ್ನು ದೀಪಕ್ಕೆ ಹಿಡಿದರು, ಫಿಲ್ಮು ನೋಡಿದರು, ಮತ್ತೆ ಹಲ್ಲು ನೋಡಿದರು, ಆಮೇಲೆ ಅವಳನ್ನು ನೋಡಿದರು. ಆ ನೋಟದಲ್ಲಿ ಎಲ್ಲ ಇತ್ತು, ನಿನಗೆ ಗೊತ್ತಿತ್ತು ಅಂತಲೂ ಇತ್ತು, ಈಗ ನಾವಿಬ್ಬರೂ ಒಂದೇ ದೋಣಿಯಲ್ಲಿ ಅಂತಲೂ ಇತ್ತು. ಹಲ್ಲನ್ನು ತಟ್ಟೆಗೆ ಹಾಕಿ, ಮುಗೀತಮ್ಮ, ಬಲೇ ಧೈರ್ಯ ನಿಮ್ದು, ಎಂದರು, ಕಾರ್ಡಿನಮ್ಮ ಹತ್ತಿ ಕಚ್ಚಿಕೊಂಡೇ ಕೈಮುಗಿದರು. ಹತ್ತು ದಿನ ಹಾಗೇ ಹೋಯಿತು, ಆಮೇಲೆ ಎಡಗಡೆ ಬಾತು ಜ್ವರ ಬಂದು ಅವರು ಮನೆ ಹತ್ತಿರದ ಇನ್ನೊಂದು ಕ್ಲಿನಿಕ್ಕಿಗೆ ಹೋದರು, ಅಲ್ಲಿಯವರು ಇನ್ನೊಂದು ಫಿಲ್ಮು ತೆಗೆದು, ಕೆಟ್ಟ ಹಲ್ಲು ಬಾಯಲ್ಲೇ ಇದೆಯಲ್ಲ ಎಂದರು. ಮೊನ್ನೆ ಫೋನು ಬಂತು, ಕೂಗಾಡಲಿಲ್ಲ, ಬೈಯಲಿಲ್ಲ, ಯಾರ ತಪ್ಪು ಅಂತ ಗೊತ್ತಾದ್ರೆ ಸಾಕು ನಂಗೆ, ಗುರುವಾರ ನಾಲ್ಕಕ್ಕೆ ಬರ್ತೀನಿ. ನಿನ್ನೆ ಡಾಕ್ಟ್ರು ಅವಳನ್ನು ಒಳಗೆ ಕರೆದು ಕೂರಿಸಿದರು, ಕೂರಿಸಿದರು ಎಂದರೇನೇ ಅರ್ಥವಾಯಿತು, ನೋಡು, ನಿಂಗೇನೂ ಆಗಲ್ಲ, ಕೆಲಸದವರು ಅಂದ್ರೆ ಜನ ಕ್ಷಮಿಸ್ತಾರೆ, ನನ್ನ ಹೆಸರು ಹೋದ್ರೆ ಮಗಳ ಬದುಕೂ ಹೋಗುತ್ತೆ, ನಿಮ್ಮಪ್ಪನ್ನ ನೆನಸ್ಕೋ. ಅಪ್ಪನ್ನ ಯಾಕೆ ಎಳೆದಿರಿ ಡಾಕ್ಟ್ರೇ, ಸತ್ತವರಾದರೂ ಬಾಯಿ ಮುಚ್ಚಿಕೊಂಡು ಮಲಗಲಿ. ಮನೆಯವನು ಊಟದ ತಟ್ಟೆಯಿಂದ ತಲೆ ಎತ್ತದೆ ಹೇಳಿದ, ಹಾಕ್ಬಿಡು ಸಹಿ, ನಿಂದೇನ್ ಗಂಟು ಹೋಗುತ್ತೆ, ದೊಡ್ಡವರ ಹತ್ರ ಎದುರು ಹಾಕ್ಕೊಂಡು ಬದುಕಕ್ಕಾಗುತ್ತಾ. ಮತ್ತೆ ನಾನು ಆ ಅಮ್ಮನಿಗೆ ಏನು ಹೇಳ್ಲಿ, ಎಂದು ಕೇಳಿದಳು. ಯಾವ ಅಮ್ಮನಿಗೆ, ಎಂದ ಅವನು.

ಮುದುಕರು ಹೋದರು. ಡಾಕ್ಟ್ರು ಕೈ ತೊಳೆಯುತ್ತಿದ್ದಾರೆ, ಮೊಣಕೈವರೆಗೆ ಸೋಪು, ಬೆನ್ನು ಈ ಕಡೆಗೆ, ಸಹಿ ಆಯ್ತಾ, ಎಂದರು ಕನ್ನಡಿಯಲ್ಲಿ. ಇಲ್ಲ ಎಂದರೆ ಇಲ್ಲ, ಆಗುತ್ತದೆ ಎಂದರೆ ಸುಳ್ಳು, ಅವಳು ಸಲಕರಣೆ ಬೇಯಿಸುವ ಬೀರುವಿನ ಬಾಗಿಲು ತೆಗೆದಳು, ಹಬೆ ಮುಖಕ್ಕೆ ಹೊಡೆಯಿತು, ಕಾರ್ಡಿನ ಅಂಚು ಬಿಸಿಗೆ ಸುರುಳಿಯಾಗಿದೆ, ಸಿಂಹದ ಬಣ್ಣ ಕರಗಿ ಹೆಂಗಸಿನ ತೋಳಿಗೆ ಹತ್ತಿದೆ, ತೆಗೀತಿದಾಳೋ, ಮುಚ್ತಿದಾಳೋ. ಹೊರಗೆ ಬಾಗಿಲಿನ ಗಂಟೆ ಟಿಣ್ ಎಂದಿತು, ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿದೆ, ಕೌಂಟರಿನವಳ ಧ್ವನಿ, ಬನ್ನಿ ಅಮ್ಮ, ಕೂತ್ಕೊಳ್ಳಿ, ನೀರು ಕುಡೀತೀರಾ. ಒಂಟಿಯಾಗಿ ಬಂದಿದ್ದಾರೆ, ಜೊತೆಗೆ ಯಾರೂ ಇಲ್ಲ. ಎಡಗೆನ್ನೆಯ ಮೇಲೆ ಇನ್ನೂ ಹಳದಿ ಬಾವು. ಆ ದೊಡ್ಡ ನಗು ಇಲ್ಲದ ಮುಖವನ್ನು ಅವಳು ಗುರುತಿಸಲೇ ಇಲ್ಲ ಮೊದಲಿಗೆ, ಕಾರ್ಡಿನಮ್ಮ ಒಳಗೆ ಬಂದು ಕುರ್ಚಿಯಲ್ಲಿ ಮಲಗಲೊಲ್ಲದೆ ಡಾಕ್ಟ್ರು ಕೂರುವ ಗುಂಡು ಸ್ಟೂಲಿನ ಮೇಲೇ ಕೂತರು, ಡಾಕ್ಟರು ನಿಂತೇ ಇರಬೇಕಾಯಿತು, ಅದೊಂದು ಚೆಂದವಿತ್ತು. ಡಾಕ್ಟ್ರು ಶುರು ಮಾಡಿದರು, ಬಹಳ ನೊಂದುಕೊಂಡಿದೀವಿ, ಮೂವತ್ತೆಂಟು ವರ್ಷದಲ್ಲಿ ಹೀಗಾಗಿರ್ಲಿಲ್ಲ, ನಮ್ಮ ಹುಡುಗಿ ಪಾಪ ಕೆಲಸದ ಒತ್ತಡದಲ್ಲಿ ಫಿಲ್ಮನ್ನ ಉಲ್ಟಾ ಹಾಕ್ಬಿಟ್ಟಿದ್ಲು, ಅವಳೇ ಬರೆದುಕೊಟ್ಟಿದಾಳೆ, ನೀವು ದೊಡ್ಡ ಮನಸ್ಸು ಮಾಡ್ಬೇಕು — ಹುಡುಗಿ, ನಲವತ್ತೊಂದು ವರ್ಷದ ಹುಡುಗಿ — ಕೌಂಟರಿನವಳು ಹಾಳೆ ತಂದು ಟ್ರೇಯ ಮೇಲಿಟ್ಟಳು, ಪೆನ್ನಿನ ಮುಚ್ಚಳ ತೆಗೆದು ಅವಳ ಬೆರಳಿಗೆ ಕೊಟ್ಟಳು, ಬೆರಳು ಅಭ್ಯಾಸದಂತೆ ಪೆನ್ನಿನ ತುದಿಯನ್ನು ಮುಟ್ಟಿ ನೋಡಿತು. ಸಿಂಹ ಏಳಲಿಲ್ಲ. ಅದೇ ವಿಚಿತ್ರ, ಅದು ಬರುತ್ತದೆಂದು ಕಾದಳು, ಕೆರಳಿ ಕೂಗಿ ಎಲ್ಲ ಹೇಳಿಬಿಡುತ್ತದೆ, ತಾನು ಸುಮ್ಮನೆ ಬಾಯಿ ಬಿಟ್ಟರಾಯಿತು ಎಂದಿದ್ದಳು, ಒಳಗೆ ನೋಡಿದರೆ ಯಾರೂ ಇಲ್ಲ, ಒಬ್ಬಳೇ ಇದ್ದಾಳೆ. ಮುಖಗವಸನ್ನು ಕೆಳಗೆ ಎಳೆದಳು. ಫಿಲ್ಮು ನಾನು ಸರಿಯಾಗೇ ಹಾಕಿದ್ದೆ, ಎಂದಳು, ಧ್ವನಿ ಯಾರದ್ದೋ ಅನ್ನಿಸಿತು, ಡಾಕ್ಟ್ರು ನಿಮಗೆ ತೋರಿಸ್ಲಿಕ್ಕೆ ತೆಗೆದ್ರಲ್ಲ, ಫೋನಲ್ಲಿ ಮಾತಾಡ್ತಾ ವಾಪಸ್ ಹಾಕಿದ್ರು, ಆಗ ತಿರುಗಿಹೋಯ್ತು.

ಡಾಕ್ಟರ ಮುಖ ಬಿಳಿಚಿತು. ಏನೇ ಹೇಳ್ತಿದೀಯ, ಹನ್ನೊಂದು ವರ್ಷ, ಹಾವಿಗೆ ಹಾಲೆರೆದ ಹಾಗಾಯ್ತಲ್ಲ, ನಾಳೆಯಿಂದ ಈ ಬಾಗಿಲಿಗೆ ಬರಬೇಡ, ಇನ್ನೂ ಏನೇನೋ ಎಂದರು, ಎಲ್ಲ ನೀರಿನೊಳಗಿಂದ ಬಂದ ಹಾಗಿತ್ತು, ಕಾರ್ಡಿನಮ್ಮ ಅವರ ಕಡೆ ತಿರುಗಲೇ ಇಲ್ಲ. ಅವಳ ಬಾಯನ್ನೇ ನೋಡುತ್ತಿದ್ದರು, ಇಷ್ಟು ದಿನ ಬರೀ ಕಣ್ಣು ಕಂಡಿದ್ದರಲ್ಲ. ತಿರುಗಿಹೋಗಿದ್ದನ್ನ ನೀನು ನೋಡಿದ್ಯಾ, ಎಂದರು. ನೋಡ್ದೆ. ಕಿತ್ತಮೇಲೆ ನೋಡ್ದ್ಯಾ ಪಾಪ, ಎಂದು ಅವರೇ ಕೇಳಿದರು, ಅವರೇ ದಾರಿ ಮಾಡಿಕೊಟ್ಟರು, ಆ ಪಾಪ ಎನ್ನುವ ಮಾತಿನಲ್ಲಿ ಬೆಚ್ಚಗಿನ ನೀರಿತ್ತು, ಹೂಂ ಎಂದರೆ ಸಾಕು, ಒಂದೇ ಒಂದು ಹೂಂ, ಅಲ್ಲಿಗೆ ಡಾಕ್ಟರದ್ದು ತಪ್ಪು, ಅವಳದ್ದು ಧೈರ್ಯ, ಮನೆಗೆ ಹೋಗಿ ಕಾಲು ನೆನೆಸಿಕೊಂಡು ಕೂರಬಹುದು, ತನ್ನನ್ನು ತಾನು ನೋಡಿಕೊಂಡ ಹಾಗೂ ಆಯಿತು, ಯಾರಿಗೆ ಗೊತ್ತಾಗುತ್ತದೆ, ಡಾಕ್ಟರಿಗೆ ಗೊತ್ತು ಆದರೆ ಅವರನ್ನು ಇನ್ನು ಯಾರು ನಂಬುತ್ತಾರೆ. ಇಲ್ಲ, ಎಂದಳು. ಮುಂಚೆ. ಸೂಜಿ ಹಾಕೋಕಿಂತ ಮುಂಚೆ. ಕೌಂಟರಿನವಳು ಕೈಯಿಂದ ಬಾಯಿ ಮುಚ್ಚಿಕೊಂಡಳು. ಕಾರ್ಡಿನಮ್ಮನ ನಾಲಗೆ ಬಲಗೆನ್ನೆಯೊಳಗೆ ಖಾಲಿ ಜಾಗವನ್ನು ಹುಡುಕಿಕೊಂಡು ಹೋಗುವುದು ಹೊರಗಿನಿಂದಲೇ ಕಾಣುತ್ತಿತ್ತು, ಆಮೇಲೆ, ಮತ್ತೆ ಯಾಕಮ್ಮ ಹೇಳ್ಲಿಲ್ಲ, ಎಂದರು. ನೀವೇ ಹೇಳಿದ್ದಿರಲ್ಲ, ಮೆತ್ತಗೆ ಬಾಯಿ ಮುಚ್ಚು ಅಂತ, ನಾನು ಹತ್ತು ದಿನ ಕಲಿತಿದ್ದೆ, ಅವತ್ತೇ ಚೆನ್ನಾಗಿ ಬಂದಿತ್ತು — ಹಲ್ಲಿನ ಹಿಂದೆ ಬಂದು ನಿಂತಿತು ಮಾತು, ನಿಜವಾದ ಮಾತೇ, ಆದರೆ ಅದನ್ನು ಆಡಿದರೆ ಅದೂ ಇನ್ನೊಂದು ಟೈಪು ಮಾಡಿದ ಹಾಳೆಯೇ, ಇನ್ನೊಬ್ಬರ ಹೆಸರು ಹಾಕಿದ್ದು. ಒಂದ್ಸಲ ಬೈಸ್ಕೊಂಡೆ, ಸುಮ್ಮನಾದೆ, ಎಂದಳು. ಅಷ್ಟೇನಾ, ಎಂದರು ಅವರು. ಅಷ್ಟೇ. ಅವರು ಎದ್ದರು, ಕೈಚೀಲ ತೆಗೆದುಕೊಂಡರು, ಹೊರಡುವವರು ತಿರುಗಿ ಹತ್ತಿರ ಬಂದರು, ಅವಳು ಕೆನ್ನೆಗೆ ಏಟು ಬೀಳುತ್ತದೆಂದು ಕಾದಳು, ಬಿದ್ದಿದ್ದರೆ ಎಷ್ಟು ಚೆನ್ನಾಗಿತ್ತು, ಅವರು ಬರೀ ಅವಳ ಕೈ ನೋಡಿದರು, ಮೊದಲ ದಿನ ತಮ್ಮ ಅಂಗೈಯಲ್ಲಿ ಇಟ್ಟುಕೊಂಡಿದ್ದ ಕೈ. ನನ್ನ ದವಡೆ ಹಿಡ್ಕೊಂಡಿದ್ದು ನೀನೇ ಅಲ್ವಾ, ಎಂದರು. ಹೌದು. ಅಷ್ಟು ಹೊತ್ತೂ. ಹೌದು. ಗಂಟೆ ಟಿಣ್ ಎಂದಿತು, ಬಾಗಿಲು ಮುಚ್ಚಿತು, ಕೆಲಸ ಹೋಯಿತು, ಡಾಕ್ಟರ ಹೆಸರು ಹೋಯಿತು, ಮನೆಯಲ್ಲಿ ಏನು ಹೇಳುವುದು, ಬಸ್ಸು ಎಷ್ಟು ಹೊತ್ತಿಗೆ, ಎಲ್ಲ ಒಂದೊಂದಾಗಿ ಬಂದು ಒಂದೊಂದಾಗಿ ನಿಂತುಹೋಗುತ್ತಿವೆ, ಅವಳು ಕೈಗವಸು ಬಿಚ್ಚುತ್ತಾಳೆ, ಬಿಚ್ಚಿದ ಮೇಲೂ ಕೈ ಹಾಗೆಯೇ ನಿಂತಿದೆ, ಗಾಳಿಯಲ್ಲಿ, ಒಂದು ಗಲ್ಲದ ಕೆಳಗೆ, ಒಂದು ಹಣೆಯ ಮೇಲೆ, ನಡುಗದ ಕೈ, ಸಿಟ್ಟಿಲ್ಲದ ಕೈ, ಎಷ್ಟು ಮೆತ್ತಗೆ, ಎಷ್ಟು ಭದ್ರವಾಗಿ ಹಿಡಿದುಕೊಂಡಿದ್ದೆ —